ರಷ್ಯಾದ ಸರಕಾರಿ ಕಚೇರಿಯಲ್ಲಿ ಕೆಲಸ ಮಾಡಿಸಿಕೊಳ್ಳುವುದು ಹೇಗೆ: ಬೆಂಗಳೂರಿನಿಂದ ಓದಲು ಹೊರಡುವವರಿಗೆ ಇತಿಹಾಸಸಹಿತ ಕೈಪಿಡಿ

ಪ್ರತಿ ವರ್ಷ ಬೆಂಗಳೂರಿನಿಂದ ಓದಿಗಾಗಿ, ಅದರಲ್ಲೂ ವೈದ್ಯಕೀಯ ಓದಿಗಾಗಿ, ರಷ್ಯಾಕ್ಕೆ ಹೊರಡುವ ಮಕ್ಕಳೂ ಅವರ ಹೆತ್ತವರೂ ಶುಲ್ಕ, ಚಳಿ, ಊಟ ಈ ಮೂರನ್ನು ಕುರಿತು ಬೇಕಾದಷ್ಟು ವಿಚಾರಿಸಿಕೊಂಡಿರುತ್ತಾರೆ. ಅಲ್ಲಿ ಇಳಿದ ಮೊದಲ ವಾರದಲ್ಲೇ ಎದುರಾಗುವ ಸರಕಾರಿ ಕಚೇರಿಯ ವಿಷಯವನ್ನು ಮಾತ್ರ ಏಜೆಂಟರು ನೋಡಿಕೊಳ್ಳುತ್ತಾರೆಂದು ಬಿಟ್ಟುಬಿಡುತ್ತಾರೆ. ಏಜೆಂಟ್ ಹೆಚ್ಚೆಂದರೆ ಹಾಸ್ಟೆಲಿನ ಬಾಗಿಲವರೆಗೆ ಬಂದಾನು. ಅಲ್ಲಿಂದ ಮುಂದೆ ಓದು ಮುಗಿಯುವ ತನಕ ನೋಂದಣಿ, ವೀಸಾ ವಿಸ್ತರಣೆ, ದೃಢೀಕರಣ, ಅರ್ಜಿ, ಮರುಅರ್ಜಿಗಳ ಹೊಣೆಯೆಲ್ಲ ವಿದ್ಯಾರ್ಥಿಯದೇ. ಈ ಕೈಪಿಡಿಯಲ್ಲಿ ಇತಿಹಾಸ ಸ್ವಲ್ಪ ಹೆಚ್ಚೇ ಇದೆ; ಅಲ್ಲಿಯ ಕಚೇರಿಯ ಬಹುಪಾಲು ಕಟ್ಟಳೆಗಳಿಗೆ ಹಳೆಯ ಕಾರಣಗಳಿದ್ದು, ಅವನ್ನು ತಿಳಿದವರಿಗೆ ಕಟ್ಟಳೆ ಕಿರುಕುಳವಾಗಿ ಕಾಣುವುದಿಲ್ಲ, ಮುಂದಿನ ಹೆಜ್ಜೆ ಯಾವುದೆಂಬುದೂ ತಾನಾಗಿ ಹೊಳೆಯುತ್ತದೆ.

ಮೊದಲಿಗೆ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಿಟಕಿಯ ಆಚೆ ಕುಳಿತಿರುವ ನೌಕರ ಮುನ್ನೂರು ವರ್ಷಗಳಿಂದ ಮೇಲಿನಿಂದ ತಪಾಸಣೆಗೆ ಒಳಗಾಗುತ್ತಲೇ ಬಂದಿರುವ ವ್ಯವಸ್ಥೆಯ ಮನುಷ್ಯ. ನಾಳೆ ತಪಾಸಣೆ ಬಂದರೆ ತೋರಿಸಲು ಅವನ ಕಡತದಲ್ಲಿ ಕಾಗದ ಇರಬೇಕು. ಆ ಕಾಗದವನ್ನು ಕೊರತೆಯಿಲ್ಲದೆ ಒದಗಿಸಿದವರ ಕೆಲಸ ಅಲ್ಲಿ ಆಗುತ್ತದೆ. ಕಷ್ಟವನ್ನು ಎಷ್ಟೇ ಮನಮುಟ್ಟುವಂತೆ ಹೇಳಿಕೊಂಡರೂ ಕಾಗದವಿಲ್ಲದವರ ಕೆಲಸ ಆಗುವುದಿಲ್ಲ.

ಕಚೇರಿ ಬೆಳೆದುಬಂದ ಬಗೆ

ಹದಿನಾರು, ಹದಿನೇಳನೆಯ ಶತಮಾನದ ಮಾಸ್ಕೊದಲ್ಲಿ ಆಡಳಿತ ನಡೆಸುತ್ತಿದ್ದ ಇಲಾಖೆಗಳಿಗೆ ಪ್ರಿಕಾಜ್ ಎಂಬ ಹೆಸರಿತ್ತು. ವಿದೇಶ ವ್ಯವಹಾರದ ಪ್ರಿಕಾಜ್ 1549ರಲ್ಲಿ ರೂಪುಗೊಂಡಿತು. ನಮ್ಮ ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ಅಠಾರಾ ಕಚೇರಿಗೆ ಹದಿನೆಂಟು ಇಲಾಖೆಗಳಿಂದ ಹೆಸರು ಬಂದಂತೆ ಅಲ್ಲಿಯ ಪ್ರಿಕಾಜ್‌ಗಳಿಗೆ ನಿಶ್ಚಿತ ಲೆಕ್ಕವೇನೂ ಇರಲಿಲ್ಲ. ಕೆಲವು ವಿಷಯದ ಮೇಲೆ, ಕೆಲವು ಪ್ರಾಂತದ ಮೇಲೆ ಹುಟ್ಟಿಕೊಂಡಿದ್ದವು. ಸೈಬೀರಿಯಾದ ವ್ಯವಹಾರವನ್ನೆಲ್ಲ ನೋಡಿಕೊಳ್ಳಲೆಂದೇ 1637ರಲ್ಲಿ ಪ್ರತ್ಯೇಕ ಪ್ರಿಕಾಜ್ ಏರ್ಪಟ್ಟಿತು. ಈ ಇಲಾಖೆಗಳ ಬೆನ್ನೆಲುಬಾಗಿದ್ದವರು ದ್ಯಾಕ್ ಎಂಬ ಕಾರ್ಯದರ್ಶಿಗಳು ಮತ್ತು ಅವರ ಕೈಕೆಳಗಿನ ಗುಮಾಸ್ತರು. ಕಡತವೆಂದರೆ ಆಗ ಹಾಳೆಯ ತುದಿಗೆ ಹಾಳೆಯನ್ನು ಅಂಟಿಸಿ ಸುತ್ತಿಟ್ಟ ಉದ್ದನೆಯ ಸುರುಳಿ. ನಡುವಿನ ಹಾಳೆಯನ್ನು ಯಾರೂ ಕಿತ್ತು ಬದಲಾಯಿಸದಿರಲೆಂದು, ಸುರುಳಿಯ ಹಿಂಬದಿಯಲ್ಲಿ ಎರಡು ಹಾಳೆ ಕೂಡುವ ಜಾಗದ ಮೇಲೆ ಹಾದುಹೋಗುವಂತೆ ದ್ಯಾಕ್ ತನ್ನ ಸಹಿಯನ್ನು ಬಿಡಿಬಿಡಿಯಾಗಿ ಹಾಕುತ್ತಿದ್ದ. ಹೊಲಿದ ಕಾಗದಗಳ ವಿಷಯ ಬರುವಾಗ ಇದನ್ನು ಮತ್ತೆ ನೆನೆಯಬೇಕಾಗುತ್ತದೆ.

ಮೊದಲನೆಯ ಪೀಟರ್ ದೊರೆ ಈ ಹಳೆಯ ಏರ್ಪಾಡನ್ನು ಬುಡಮೇಲು ಮಾಡಿದ. 1699ರಲ್ಲಿ ಛಾಪಾ ಕಾಗದ ಜಾರಿಗೆ ಬಂತು. ಅದರ ಸಲಹೆ ಕೊಟ್ಟವನು ಅಲೆಕ್ಸೆಯ್ ಕುರ್ಬಾತೊವ್ ಎಂಬ, ಶೆರೆಮೆತೆವ್ ಮನೆತನದ ಜೀತದಾಳುಗಳ ಪೈಕಿ ಮೇಲಕ್ಕೆ ಬಂದ ವ್ಯಕ್ತಿ. 1711ರಲ್ಲಿ ಸೆನೆಟ್ ಎಂಬ ಉನ್ನತ ಆಡಳಿತ ಸಭೆ ಸ್ಥಾಪನೆಯಾಯಿತು, ಕೆಲವು ವರ್ಷಗಳ ಬಳಿಕ ಪ್ರಿಕಾಜ್‌ಗಳ ಜಾಗಕ್ಕೆ ಸ್ವೀಡನ್ನಿನ ಮಾದರಿಯ ಮಂಡಲಿಗಳು ಬಂದವು. 1720ರ ಸಾಮಾನ್ಯ ನಿಯಮಾವಳಿ ಕಚೇರಿಯ ವೇಳೆಯಿಂದ ಹಿಡಿದು ಕಾರ್ಯದರ್ಶಿ, ರಿಜಿಸ್ಟ್ರಾರ್, ಪತ್ರಾಗಾರದ ಅಧಿಕಾರಿಗಳ ಕರ್ತವ್ಯದವರೆಗೆ ಎಲ್ಲವನ್ನೂ ಕಟ್ಟಿಕೊಟ್ಟಿತು. ಬಂದ ಕಾಗದ, ಹೋದ ಕಾಗದಗಳನ್ನು ಪುಸ್ತಕದಲ್ಲಿ ದಾಖಲಿಸುವ ಹೊಣೆ ರಿಜಿಸ್ಟ್ರಾರನದಾಯಿತು. ನಮ್ಮ ಕಚೇರಿಗಳ ಆವಕ ಜಾವಕ ವಹಿಗಳನ್ನು ಬಲ್ಲವರಿಗೆ ಇದು ಪರಿಚಿತ ಲೋಕವೇ.

1722ರಲ್ಲಿ ಬಂದ ದರ್ಜೆಗಳ ಪಟ್ಟಿ ರಷ್ಯಾದ ನೌಕರಶಾಹಿಗೆ ಇಂದಿನವರೆಗೂ ಉಳಿದಿರುವ ಮೈಕಟ್ಟನ್ನು ಕೊಟ್ಟಿತು. ಸೇನೆ, ನಾಗರಿಕ ಸೇವೆ, ಅರಮನೆ ಎಂಬ ಮೂರು ಸಾಲುಗಳು, ಪ್ರತಿ ಸಾಲಿನಲ್ಲಿ 14 ದರ್ಜೆಗಳು. ಹದಿನಾಲ್ಕನೆಯ ದರ್ಜೆಯಿಂದ ಕೆಲಸ ಆರಂಭಿಸಿದ ಸಾಮಾನ್ಯ ಮನೆತನದವನು ಎಂಟನೆಯದನ್ನು ಮುಟ್ಟಿದರೆ ಅವನಿಗೂ ಅವನ ಮಕ್ಕಳಿಗೂ ಕುಲೀನ ಪದವಿ ಸಿಗುತ್ತಿತ್ತು. ಹೀಗೆ ಮೇಲೇರುವವರ ಸಂಖ್ಯೆ ಹೆಚ್ಚಿದಂತೆ ಆ ಗಡಿಯನ್ನು 1845ರಲ್ಲಿ ಐದನೆಯ ದರ್ಜೆಗೂ 1856ರಲ್ಲಿ ನಾಲ್ಕನೆಯದಕ್ಕೂ ಏರಿಸಿದರು. ಯಾವ ದರ್ಜೆಯವನನ್ನು ಏನೆಂದು ಸಂಬೋಧಿಸಬೇಕು, ಅವನ ಸಮವಸ್ತ್ರ ಹೇಗಿರಬೇಕು ಎಂಬುದೆಲ್ಲ ಗೊತ್ತುಪಡಿಸಿದ ಸಂಗತಿಗಳಾಗಿದ್ದವು. ಪಾದ್ರಿಯೊಬ್ಬನ ಮಗನಾಗಿ ಹುಟ್ಟಿ ಚಕ್ರವರ್ತಿಯ ಆಪ್ತ ಸಲಹೆಗಾರನಾದ ಮಿಖಾಯಿಲ್ ಸ್ಪೆರಾನ್ಸ್ಕಿ, ಎಂಟನೆಯ ದರ್ಜೆಗೇರಲು ವಿಶ್ವವಿದ್ಯಾಲಯದ ಪ್ರಮಾಣಪತ್ರವೋ ಪರೀಕ್ಷೆಯೋ ಬೇಕೆಂದು 1809ರಲ್ಲಿ ನಿಯಮ ಮಾಡಿಸಿದಾಗ ನೌಕರವರ್ಗ ಸಿಡಿದುಬಿದ್ದಿತು. 1834ರಲ್ಲಿ ಆ ನಿಯಮ ರದ್ದಾಯಿತು. ಆದರೆ ಅದೇ ಸ್ಪೆರಾನ್ಸ್ಕಿಯ ಮೇಲ್ವಿಚಾರಣೆಯಲ್ಲಿ 1830ರಲ್ಲಿ ಸಾಮ್ರಾಜ್ಯದ ಕಾನೂನುಗಳ ಸಮಗ್ರ ಸಂಗ್ರಹ 45 ಸಂಪುಟಗಳಲ್ಲಿಯೂ, ಜಾರಿಯಲ್ಲಿದ್ದ ಕಾನೂನುಗಳ ಸಂಹಿತೆ 1832ರಲ್ಲಿ 15 ಸಂಪುಟಗಳಲ್ಲಿಯೂ ಹೊರಬಂದವು. ಕಾನೂನು ಎಲ್ಲಿದೆ ಎಂಬುದೇ ತಿಳಿಯದಿದ್ದ ದೇಶದಲ್ಲಿ ಅದನ್ನು ಒಂದೆಡೆ ಕೂಡಿಸಿಟ್ಟ ಈ ಕೆಲಸ, ನನ್ನ ಅಭಿಪ್ರಾಯದಲ್ಲಿ, ಆ ಶತಮಾನದ ಯಾವ ಮಂತ್ರಿಯ ಸಾಧನೆಗಿಂತಲೂ ದೊಡ್ಡದು.

ದರ್ಜೆಗಳ ಜೊತೆಗೇ ಕಣ್ಗಾವಲೂ ಬೆಳೆಯಿತು. 1711ರಲ್ಲಿ ಪೀಟರ್ ಅಧಿಕಾರಿಗಳ ತಪ್ಪುಗಳನ್ನು ಪತ್ತೆಹಚ್ಚಲು ಫಿಸ್ಕಲ್ ಎಂಬ ಗುಪ್ತ ಪರಿವೀಕ್ಷಕರನ್ನು ನೇಮಿಸಿದ. 1722ರಲ್ಲಿ ಅವರಿಗೂ ಮೇಲೆ, ದೊರೆಯ ಕಣ್ಣು ಎಂದು ಕರೆಯಲಾದ ಪ್ರಧಾನ ಪ್ರಾಸಿಕ್ಯೂಟರ್ ಹುದ್ದೆಯನ್ನು ಸೃಷ್ಟಿಸಿ ಪಾವೆಲ್ ಯಗುಝಿನ್ಸ್ಕಿಯನ್ನು ಅಲ್ಲಿ ಕೂರಿಸಿದ. ಲಂಚದ ಆರೋಪದ ಮೇಲೆ ಸೈಬೀರಿಯಾದ ಗವರ್ನರ್ ಮತ್ವೆಯ್ ಗಗಾರಿನ್‌ನನ್ನು 1721ರಲ್ಲಿ ಗಲ್ಲಿಗೇರಿಸಲಾಯಿತು. ಅವನ ಅಪರಾಧವನ್ನು ಬಯಲಿಗೆಳೆದ ಪ್ರಧಾನ ಫಿಸ್ಕಲ್ ನೆಸ್ತೆರೊವ್ ಮರುವರ್ಷ ಅದೇ ಬಗೆಯ ಆರೋಪಕ್ಕೆ ತಲೆ ಕೊಟ್ಟ. ಕ್ರಾಂತಿಯ ಬೆನ್ನಿಗೇ ಬಂದ 1917ರ ನವೆಂಬರಿನ ಆಜ್ಞೆಯೊಂದು ಎಲ್ಲ ಕುಲೀನ ಪದವಿಗಳನ್ನೂ ನಾಗರಿಕ ದರ್ಜೆಗಳನ್ನೂ ಅಳಿಸಿಹಾಕಿತಾದರೂ, 1920ರಲ್ಲಿ ಕಾರ್ಮಿಕ ಮತ್ತು ರೈತ ತಪಾಸಣಾ ಸಂಸ್ಥೆ, 1922ರಲ್ಲಿ ಸೋವಿಯತ್ ಪ್ರಾಸಿಕ್ಯೂಟರ್ ಕಚೇರಿ ಹುಟ್ಟಿಕೊಂಡವು. 1923ರಿಂದ ಯಾವ ಹುದ್ದೆಗೆ ಕಮ್ಯುನಿಸ್ಟ್ ಪಕ್ಷದ ಯಾವ ಮಟ್ಟದ ಒಪ್ಪಿಗೆ ಬೇಕೆಂಬ ನೊಮೆನ್‌ಕ್ಲತೂರಾ ಪಟ್ಟಿಗಳೂ ಬಂದವು. ಹೆಸರುಗಳು ಬದಲಾದರೂ ಮೇಲಕ್ಕೆ ಉತ್ತರ ಹೇಳಬೇಕಾದ ಗುಮಾಸ್ತನ ಸ್ಥಿತಿ ಬದಲಾಗಲಿಲ್ಲ. ಇಂದಿನ ರಷ್ಯಾದಲ್ಲೂ 2004ರ ನಾಗರಿಕ ಸೇವಾ ಕಾನೂನು ಹೊಸ ದರ್ಜೆಗಳ ಏಣಿಯೊಂದನ್ನು ನಿಲ್ಲಿಸಿದೆ, ಪ್ರಾಸಿಕ್ಯೂಟರ್ ಕಚೇರಿ ಇತರ ಕಚೇರಿಗಳ ಮೇಲೆ ಕಣ್ಣಿಟ್ಟೇ ಇದೆ.

ಬೆಂಗಳೂರಿನಲ್ಲೇ ಮುಗಿಸಬೇಕಾದ ಕೆಲಸಗಳು

ವ್ಯಾಸಂಗದ ವೀಸಾಕ್ಕೆ ಬೇಕಾದ ಆಹ್ವಾನಪತ್ರವನ್ನು ವಿಶ್ವವಿದ್ಯಾಲಯದ ಕೋರಿಕೆಯ ಮೇರೆಗೆ ರಷ್ಯಾದ ಒಳಾಡಳಿತ ಸಚಿವಾಲಯ ಕೊಡುತ್ತದೆ. ದಕ್ಷಿಣ ಭಾರತದ ಅರ್ಜಿದಾರರಿಗೆ ಸಂಬಂಧಿಸಿದ ರಷ್ಯಾದ ಕಾನ್ಸುಲೇಟ್ ಚೆನ್ನೈನಲ್ಲಿದೆ. 2023ರ ಆಗಸ್ಟ್‌ನಿಂದ ಭಾರತೀಯರಿಗೆ ಸಿಗುತ್ತಿರುವ ಇ-ವೀಸಾ ಪ್ರವಾಸ, ಭೇಟಿಗಳಿಗೆ ಮಾತ್ರ. ಅದರ ಮೇಲೆ ಹೋಗಿ ಅಲ್ಲಿ ಸೇರಿಕೊಳ್ಳಬಹುದೆಂದು ಯಾರಾದರೂ ಹೇಳಿದರೆ ನಂಬಬಾರದು. ಮೂರು ತಿಂಗಳು ಮೀರಿದ ವಾಸಕ್ಕೆ ಎಚ್‌ಐವಿ ಪರೀಕ್ಷೆಯ ವರದಿ ಬೇಕು. ಅಂಕಪಟ್ಟಿ, ಜನನ ಪ್ರಮಾಣಪತ್ರಗಳಿಗೆ ಅಪೊಸ್ಟಿಲ್ (ದಾಖಲೆ ಬೇರೆ ದೇಶದಲ್ಲೂ ಸಲ್ಲಲೆಂದು ಅದನ್ನು ಕೊಟ್ಟ ದೇಶವೇ ಹಾಕುವ ದೃಢೀಕರಣ ಮುದ್ರೆ) ಬೇಕೇ ಎಂಬುದನ್ನು ವಿಶ್ವವಿದ್ಯಾಲಯದಿಂದ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಬೇಕು. ಬಾಯಿಮಾತಿನ ಉತ್ತರಕ್ಕೆ ಅಲ್ಲಿ ಬೆಲೆಯಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಹೆಸರಿಗೆ. ನಮ್ಮ ಕಡೆಯ ಹೆಸರುಗಳಲ್ಲಿ ಊರು, ತಂದೆಯ ಹೆಸರು, ಮನೆತನ ಎಲ್ಲ ಒಂದೊಂದಕ್ಷರವಾಗಿ ಮುಂದೆ ಕೂತಿರುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಹೇಶ್ ಎಚ್. ಎಸ್. ಎಂದಿರುವವನು ಪಾಸ್‌ಪೋರ್ಟಿನಲ್ಲಿ ಮಹೇಶ್ ಹೊಸಹಳ್ಳಿ ಸಿದ್ದಪ್ಪ ಆಗಿರುತ್ತಾನೆ, ಆಧಾರ್‌ನಲ್ಲಿ ಬರೀ ಮಹೇಶ್. ಇಲ್ಲಿ ಇದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಮನೆತನದ ಹೆಸರು, ಸ್ವಂತ ಹೆಸರು, ತಂದೆಯ ಹೆಸರಿನಿಂದ ಆದ ಮೂರನೆಯ ಹೆಸರು ಎಂಬ ನಿಶ್ಚಿತ ಮೂರು ಕಾಲಂಗಳಿವೆ. ಮೂರನೆಯ ಕಾಲಂ ಖಾಲಿ ಕಂಡಾಗ ತಂದೆಯ ಹೆಸರು ಬರೆದುಬಿಡುವ ಆಸೆ ಸಹಜ, ಆದರೆ ಪಾಸ್‌ಪೋರ್ಟಿನಲ್ಲಿ ಹಾಗಿಲ್ಲದಿದ್ದರೆ ಅಲ್ಲಿ ಗೆರೆ ಎಳೆಯಬೇಕು. ಒಂದು ಕಾಗದದಲ್ಲಿ ತಂದೆಯ ಹೆಸರಿದ್ದು ಇನ್ನೊಂದರಲ್ಲಿ ಇಲ್ಲವಾದರೆ, ತಪಾಸಣೆಯ ಕಣ್ಣಿಗೆ ಅವು ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಕಾಗದಗಳು.

ಲಿಪಿಯ ತೊಡಕೂ ಇದೆ. ರಷ್ಯನ್ ಅಕ್ಷರಮಾಲೆಯಲ್ಲಿ ನಮ್ಮ ‘ಹ’ ಇಲ್ಲ. ಒಬ್ಬ ಅನುವಾದಕ ಅದನ್ನು ‘ಖ’ಕ್ಕೆ ಹತ್ತಿರದ ಅಕ್ಷರದಲ್ಲಿ ಬರೆಯುತ್ತಾನೆ, ಹಳೆಯ ರೂಢಿಯ ಇನ್ನೊಬ್ಬ ‘ಗ’ ಬಳಸುತ್ತಾನೆ. ಮಹೇಶ್ ಒಂದು ಕಡೆ ಮಖೇಶ್, ಇನ್ನೊಂದು ಕಡೆ ಮಗೇಶ್ ಆಗುತ್ತಾನೆ. ‘ಜ’ಕಾರಕ್ಕೆ ಎರಡು ಅಕ್ಷರ ಕೂಡಿಸಬೇಕಾದ್ದರಿಂದ ಅಲ್ಲೂ ವ್ಯತ್ಯಾಸ ನುಸುಳುತ್ತದೆ. ವೀಸಾದ ಮೇಲೆ ರಷ್ಯನ್ ಲಿಪಿಯಲ್ಲಿ ಹೆಸರು ಹೇಗೆ ಬಂದಿದೆಯೋ ಅದನ್ನೇ ಮಾದರಿಯಾಗಿ ಇಟ್ಟುಕೊಂಡು, ಮುಂದಿನ ಪ್ರತಿ ಅನುವಾದಕನಿಗೂ ಅದನ್ನು ತೋರಿಸಿ, ಅಕ್ಷರಶಃ ಹಾಗೆಯೇ ಬರೆಯಿರಿ ಎಂದು ಹೇಳಬೇಕು. ಅಲ್ಲಿಯ ನೋಟರಿ ಅನುವಾದದ ಮೇಲೆ ಮೊಹರು ಹಾಕುವಾಗ ಸಾಮಾನ್ಯವಾಗಿ ದೃಢೀಕರಿಸುವುದು ಅನುವಾದಕನ ಸಹಿಯನ್ನು. ಒಳಗಿರುವ ಹೆಸರು, ದಿನಾಂಕಗಳ ಹೊಣೆ ನೋಟರಿಯದಲ್ಲ. ಆದ್ದರಿಂದ ಹಣ ಕೊಡುವ ಮುಂಚೆ ರಷ್ಯನ್ ಅಕ್ಷರಗಳನ್ನು ಕೂಡಿಸಿ ಓದುವಷ್ಟಾದರೂ ಕಲಿತಿರಬೇಕು. ಮೂವತ್ಮೂರು ಅಕ್ಷರಗಳ ಆ ಲಿಪಿಯನ್ನು ಹೊರಡುವ ಮೊದಲಿನ ಬೇಸಿಗೆಯಲ್ಲಿ ಬೆಂಗಳೂರಿನಲ್ಲೇ ಕಲಿಯಬಹುದು.

ನೋಂದಣಿ: ಜಾಗಕ್ಕೆ ಕಟ್ಟಿದ ಮನುಷ್ಯ

ಅಲ್ಲಿಯ ಆಡಳಿತ ಕೇಳುವ ಮೊದಲ ಪ್ರಶ್ನೆ ನೀವು ಯಾವ ವಿಳಾಸದಲ್ಲಿ ಇದ್ದೀರಿ ಎಂಬುದು. 1649ರ ಕಾನೂನು ಸಂಹಿತೆ ರೈತನನ್ನು ಶಾಶ್ವತವಾಗಿ ಭೂಮಿಗೂ ಒಡೆಯನಿಗೂ ಕಟ್ಟಿಹಾಕಿತು. ಪೀಟರ್ ತಲೆಗಂದಾಯ ವಿಧಿಸಿದ ಮೇಲೆ, ಊರು ಬಿಟ್ಟು ದೂರ ಹೋಗುವ ರೈತನ ಕೈಯಲ್ಲಿ ಪ್ರಯಾಣದ ಪರವಾನಗಿ ಇರಬೇಕಾಯಿತು. ಕ್ರಾಂತಿಯ ನಂತರ ಕೆಲಕಾಲ ಸಡಿಲವಾದ ಈ ಕಟ್ಟು 1932ರ ಡಿಸೆಂಬರ್ 27ರ ಆಜ್ಞೆಯಿಂದ ಆಂತರಿಕ ಪಾಸ್‌ಪೋರ್ಟ್ ಮತ್ತು ಪ್ರೊಪಿಸ್ಕಾ ಎಂಬ ವಿಳಾಸ ಮುದ್ರೆಯ ರೂಪದಲ್ಲಿ ಮರಳಿತು. ಸಾಮೂಹಿಕ ಬೇಸಾಯದ ರೈತರಿಗೆ ಬಹುಮಟ್ಟಿಗೆ ಪಾಸ್‌ಪೋರ್ಟನ್ನೇ ಕೊಡದೆ ಹಳ್ಳಿಯಲ್ಲಿ ಉಳಿಸಿಕೊಂಡಿದ್ದರು. ಎಲ್ಲರಿಗೂ ಕೊಡಬೇಕೆಂಬ ತೀರ್ಮಾನ ಬಂದದ್ದು 1974ರಲ್ಲಿ. ಇಡೀ ಒಂದು ತಲೆಮಾರು ತನ್ನ ದೇಶದೊಳಗೇ ಊರು ಬದಲಿಸಲು ಯಾರದೋ ಸಹಿಗೆ ಕಾದು ನಿಂತಿತೆಂಬುದು ಓದುವಾಗಲೆಲ್ಲ ಮನಸ್ಸನ್ನು ಕಲಕುವ ಸಂಗತಿ. 1993ರ ಕಾನೂನು ಪ್ರೊಪಿಸ್ಕಾದ ಬದಲು ಬರಿಯ ತಿಳುವಳಿಕೆಯ ನೋಂದಣಿ ತಂದಿತು. ವಿದೇಶೀಯರಿಗಾಗಿ 2006ರ ಜುಲೈನಲ್ಲಿ ಅಂಗೀಕಾರವಾಗಿ 2007ರ ಜನವರಿ 15ರಂದು ಜಾರಿಗೆ ಬಂದ ವಲಸೆ ನೋಂದಣಿ ಕಾನೂನು ಇದೆ. ಇದನ್ನು ನಡೆಸುತ್ತಿದ್ದ ಪ್ರತ್ಯೇಕ ವಲಸೆ ಸೇವೆಯನ್ನು 2016ರಲ್ಲಿ ಒಳಾಡಳಿತ ಸಚಿವಾಲಯದೊಳಗೆ ಸೇರಿಸಿದರು.

ವಿದ್ಯಾರ್ಥಿ ಮಾಡಬೇಕಾದದ್ದು ಇಷ್ಟು. ಗಡಿಯಲ್ಲಿ ಕೊಟ್ಟ ವಲಸೆ ಚೀಟಿಯನ್ನು ಪಾಸ್‌ಪೋರ್ಟಿನೊಳಗೇ ಇಟ್ಟು, ದೇಶ ಬಿಡುವ ತನಕ ಜೋಪಾನ ಮಾಡಬೇಕು. ಅದರಲ್ಲಿ ಬರುವ ಉದ್ದೇಶ ವ್ಯಾಸಂಗವೆಂದೇ ಇದೆಯೇ ಎಂದು ಕೌಂಟರಿನ ಮುಂದೆ ನಿಂತಿರುವಾಗಲೇ ನೋಡಿಕೊಳ್ಳಬೇಕು. ನೋಂದಣಿಗೆ ಕಾನೂನು ಸಾಮಾನ್ಯವಾಗಿ 7 ಕೆಲಸದ ದಿನ ಕೊಡುತ್ತದಾದರೂ ಹಾಸ್ಟೆಲಿನವರು ಮೊದಲ ದಿನವೇ ಪಾಸ್‌ಪೋರ್ಟ್ ಮತ್ತು ಚೀಟಿಯ ನಕಲು ಕೇಳುತ್ತಾರೆ, ತಡಮಾಡದೆ ಕೊಡಬೇಕು. ಆಗಮನದ ಸೂಚನೆಯನ್ನು ಸಲ್ಲಿಸುವವರು ಆತಿಥೇಯರು, ಅಂದರೆ ವಿಶ್ವವಿದ್ಯಾಲಯ ಅಥವಾ ಮನೆಯ ಮಾಲೀಕ. ಇದು ನಿಮ್ಮ ಮೇಲಿನ ಉಪಕಾರವಲ್ಲ, ಕಾನೂನು ಅವರ ಮೇಲೆ ಹೊರಿಸಿದ ಹೊಣೆ. ಸೂಚನೆಯ ಕೆಳಭಾಗದ ಕತ್ತರಿಸಿದ ತುಂಡು ನಿಮ್ಮ ಕೈಗೆ ಬರುತ್ತದೆ. ಪೊಲೀಸರು ಬೀದಿಯಲ್ಲಿ ನಿಲ್ಲಿಸಿ ಕೇಳುವುದು ಅದನ್ನೇ. ರಜೆಗೆ ಬೆಂಗಳೂರಿಗೆ ಬಂದು ಹಿಂದಿರುಗಿದಾಗ, ಹಾಸ್ಟೆಲ್ ಬದಲಿಸಿದಾಗ ನೋಂದಣಿ ಹೊಸದಾಗಿ ಆಗಬೇಕು. ಹಳೆಯ ತುಂಡಿನ ಮೇಲಿನ ದಿನಾಂಕ ಇನ್ನೂ ಉಳಿದಿದೆಯೆಂದು ಸುಮ್ಮನಿರುವ ಹುಡುಗರು ದಂಡ ಕಟ್ಟುವುದಷ್ಟೇ ಅಲ್ಲ, ಮಾಸ್ಕೊ ಮತ್ತು ಸೇಂಟ್ ಪೀಟರ್ಸ್‌ಬರ್ಗ್‌ಗಳಲ್ಲಿ ಗಡೀಪಾರಿನ ಆದೇಶವನ್ನೂ ಎದುರಿಸಬೇಕಾದೀತು. 2021ರ ಕಾನೂನಿನ ಪ್ರಕಾರ ದೀರ್ಘಕಾಲ ಉಳಿಯುವ ವಿದೇಶೀಯರಿಗೆ ಬೆರಳಚ್ಚು, ಫೋಟೊ, ವೈದ್ಯಕೀಯ ಪರೀಕ್ಷೆಯೂ ಇವೆ. ಮೊದಲ ವೀಸಾ ಸಾಮಾನ್ಯವಾಗಿ ಅಲ್ಪಾವಧಿಯದಾಗಿದ್ದು ಅಲ್ಲಿಯೇ ವಿಸ್ತರಣೆಯಾಗುತ್ತದೆ. ಅವಧಿ ಮುಗಿಯಲು ಒಂದೂವರೆ ತಿಂಗಳಿರುವಾಗಲೇ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಹೋಗಿ ಆ ವರ್ಷದ ನಿಯಮವನ್ನು ಕೇಳಿಕೊಳ್ಳಬೇಕು.

ಅರ್ಜಿ ಬರೆಯುವ ಕ್ರಮ

ನಮ್ಮಲ್ಲಿ ಅರ್ಜಿಯೆಂದರೆ ಎಡಗಡೆ ‘ಇವರಿಂದ’, ಅದರ ಕೆಳಗೆ ‘ಇವರಿಗೆ’, ‘ಮಾನ್ಯರೇ’, ‘ವಿಷಯ’, ಕೊನೆಗೆ ‘ತಮ್ಮ ವಿಶ್ವಾಸಿ’. ಈ ರೂಪವನ್ನು ಅಲ್ಲಿಗೆ ಒಯ್ಯಬಾರದು. ಅಲ್ಲಿಯ ಅರ್ಜಿಯ ಹೆಸರು ಜಯಾವ್ಲೇನಿಯೆ. ಹಾಳೆಯ ಮೇಲ್ಭಾಗದ ಬಲ ಮೂಲೆಯಲ್ಲಿ ಮೊದಲು ಯಾರಿಗೆ ಎಂಬುದು ಬರುತ್ತದೆ: ಹುದ್ದೆ, ಕಚೇರಿ, ಅಧಿಕಾರಿಯ ಮನೆತನದ ಹೆಸರು ಮತ್ತು ಇನಿಷಿಯಲ್‌ಗಳು. ಅದರ ಕೆಳಗೆ ಯಾರಿಂದ: ಯಾವ ದೇಶದ ಪ್ರಜೆ, ಪೂರ್ಣ ಹೆಸರು, ಯಾವ ವಿಭಾಗದ ಎಷ್ಟನೆಯ ವರ್ಷದ ವಿದ್ಯಾರ್ಥಿ, ಪಾಸ್‌ಪೋರ್ಟ್ ಸಂಖ್ಯೆ, ನೋಂದಾಯಿತ ವಿಳಾಸ, ದೂರವಾಣಿ. ನಂತರ ಹಾಳೆಯ ನಡುವೆ ಶೀರ್ಷಿಕೆ; ಅದರ ಕೆಳಗೆ ‘ಇಂಥದ್ದನ್ನು ಕೊಡಬೇಕೆಂದು ಕೋರುತ್ತೇನೆ’ ಎಂದು ಆರಂಭವಾಗುವ ಒಂದೆರಡು ವಾಕ್ಯ, ಕಾರಣ, ಲಗತ್ತಿಸಿದ ಕಾಗದಗಳ ಪಟ್ಟಿ ಮತ್ತು ಪ್ರತಿಯೊಂದರ ಪುಟಸಂಖ್ಯೆ. ಕೊನೆಯಲ್ಲಿ ಒಂದು ಬದಿಗೆ ದಿನಾಂಕ, ಇನ್ನೊಂದು ಬದಿಗೆ ಸಹಿ, ಸಹಿಯ ಪಕ್ಕದಲ್ಲಿ ಬಿಡಿಸಿ ಬರೆದ ಹೆಸರು. ವಂದನೆಯ ಸಾಲು ಬೇಕಿಲ್ಲ, ಮನೆಯ ಕಷ್ಟಸುಖ ಬೇಕಿಲ್ಲ.

ಹಾಳೆಯ ಮೇಲಿನ ಎಡ ಭಾಗವನ್ನು ಖಾಲಿ ಬಿಡಬೇಕೆಂಬುದನ್ನು ಹೊಸಬರು ಮರೆಯುತ್ತಾರೆ. ಅರ್ಜಿ ಮುಖ್ಯಸ್ಥರ ಮೇಜಿಗೆ ಹೋದಾಗ ಅವರು ಅಲ್ಲಿ, ಬಹಳ ಸಲ ಓರೆಯಾಗಿ, ಯಾರು ಯಾವಾಗಿನೊಳಗೆ ಏನು ಮಾಡಬೇಕೆಂದು ಷರಾ ಬರೆದು ಸಹಿ ಮಾಡುತ್ತಾರೆ. ಅದಕ್ಕೆ ರೆಜೊಲ್ಯೂತ್ಸಿಯಾ ಎನ್ನುತ್ತಾರೆ. ನಿಮ್ಮ ಕಾಗದ ಆದೇಶವಾಗಿ ಮಾರ್ಪಡುವುದು ಆ ಮೂಲೆಯಲ್ಲೇ, ಆದ್ದರಿಂದ ಅದನ್ನು ಅಕ್ಷರಗಳಿಂದ ತುಂಬಿಸಬಾರದು. ಎಡ ಅಂಚಿನಲ್ಲಿ ಕನಿಷ್ಠ 20 ಮಿಲಿಮೀಟರ್ ಬಿಡುವುದು 2018ರ ಜುಲೈಯಿಂದ ಜಾರಿಯಲ್ಲಿರುವ ದಾಖಲೆಗಳ ರಾಷ್ಟ್ರೀಯ ಮಾನದಂಡದಲ್ಲೂ ಇದೆ. ಕಡತಕ್ಕೆ ಸೇರಿಸಿ ಹೊಲಿಯುವಾಗ ಅಕ್ಷರಗಳು ಮುಚ್ಚಿಹೋಗದಿರಲು ಅದು ಬೇಕು.

ಅರ್ಜಿಯನ್ನು ಎರಡು ಪ್ರತಿ ಮಾಡಿ ಕೊಂಡೊಯ್ದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆವಕ ಸಂಖ್ಯೆ, ದಿನಾಂಕ, ಸ್ವೀಕರಿಸಿದವರ ಸಹಿ ಹಾಕಿಸಿಕೊಳ್ಳಬೇಕು. ನಮ್ಮ ಕಚೇರಿಗಳಲ್ಲಿ ಸ್ವೀಕೃತಿ ಕೇಳಿದರೆ ಕೆಲವೊಮ್ಮೆ ಮುಖ ಸಿಂಡರಿಸುತ್ತಾರೆ. ಅಲ್ಲಿ ಅದು ತೀರ ಸಹಜವಾದ ಬೇಡಿಕೆ. ಆ ಸಂಖ್ಯೆಯಿಲ್ಲದೆ ಮುಂದೆ ವಿಚಾರಿಸಲು ಹೋದರೆ ಅಂಥ ಅರ್ಜಿಯೇ ಬಂದಿಲ್ಲ ಎಂಬ ಉತ್ತರ ಬಂದೀತು.

ಒಂದಕ್ಕಿಂತ ಹೆಚ್ಚು ಪುಟಗಳ ದೃಢೀಕೃತ ದಾಖಲೆ ನಿಮ್ಮ ಕೈಗೆ ಬಂದಾಗ ಅದನ್ನು ತಿರುಗಿಸಿ ನೋಡಿ. ಎಡ ಅಂಚಿನಲ್ಲಿ ತೂತು ಮಾಡಿ ದಾರದಿಂದ ಹೊಲಿದು, ಹಿಂಬದಿಯಲ್ಲಿ ಗಂಟಿನ ಮೇಲೆ ಸಣ್ಣ ಕಾಗದ ಅಂಟಿಸಿರುತ್ತಾರೆ. ಆ ಕಾಗದದ ಮೇಲೆ ಇಷ್ಟು ಹಾಳೆಗಳನ್ನು ಹೊಲಿದು ಸಂಖ್ಯೆ ಹಾಕಲಾಗಿದೆ ಎಂಬ ಬರಹ, ಸಹಿ, ಮತ್ತು ಅರ್ಧ ಅಂಟಿಸಿದ ಕಾಗದದ ಮೇಲೂ ಅರ್ಧ ಕೆಳಗಿನ ಹಾಳೆಯ ಮೇಲೂ ಬೀಳುವಂತೆ ಒತ್ತಿದ ದುಂಡು ಮೊಹರು ಇರುತ್ತವೆ. ಸುರುಳಿಯ ಕೂಡುಜಾಗದ ಮೇಲೆ ದ್ಯಾಕ್ ಹಾಕುತ್ತಿದ್ದ ಸಹಿಯ ಉದ್ದೇಶವೇ ಇದರದೂ. ಜೆರಾಕ್ಸ್ ಮಾಡಿಸಲು ಅನುಕೂಲವಾಗಲೆಂದು ಆ ದಾರವನ್ನು ಬಿಚ್ಚಿದರೆ, ಪಿನ್ನು ತೆಗೆದರೆ, ದಾಖಲೆ ಅಲ್ಲಿಗೇ ಅಸಿಂಧು. ಮತ್ತೆ ಹಣ ಕಟ್ಟಿ ಮೊದಲಿನಿಂದ ಮಾಡಿಸಬೇಕು. ಹೊಲಿಗೆ ಇದ್ದಂತೆಯೇ ಪುಟ ಮಗುಚಿ ನಕಲು ತೆಗೆಯಬೇಕೆಂದು ಅಂಗಡಿಯವನಿಗೂ ಮೊದಲೇ ಹೇಳಿಡಬೇಕು. ಮೊಹರಿನ ಮೇಲಿನ ಈ ನಂಬಿಕೆ ಎಷ್ಟು ಆಳವಾದದ್ದೆಂದರೆ, 2015ರ ಕಾನೂನು ಕಂಪನಿಗಳಿಗೆ ಮೊಹರನ್ನು ಐಚ್ಛಿಕಗೊಳಿಸಿದ ಮೇಲೂ ಬಹುತೇಕ ಸಂಸ್ಥೆಗಳು ಅದನ್ನು ಬಿಟ್ಟಿಲ್ಲ.

ಸರತಿ, ಸಂಬೋಧನೆ, ಸಹಿಯ ಅಧಿಕಾರ

2010ರ ಸರಕಾರಿ ಸೇವೆಗಳ ಕಾನೂನಿನ ನಂತರ ಊರೂರಲ್ಲಿ ‘ನನ್ನ ದಾಖಲೆಗಳು’ ಎಂಬ ಹೆಸರಿನ ಏಕಗವಾಕ್ಷಿ ಕೇಂದ್ರಗಳು ತೆರೆದಿವೆ. ನಮ್ಮ ಬೆಂಗಳೂರು ಒನ್ ಕೇಂದ್ರಗಳಲ್ಲಿ ಇರುವಂತೆ ಅಲ್ಲೂ ಟೋಕನ್ ಯಂತ್ರ, ಸಂಖ್ಯೆ ಕೂಗುವ ಫಲಕ ಇರುತ್ತವೆ. 2009ರ ಕೊನೆಯಲ್ಲಿ ಆರಂಭವಾದ ಗೊಸುಸ್ಲುಗಿ ಎಂಬ ಸರಕಾರಿ ಜಾಲತಾಣ ಬಹಳಷ್ಟು ಕೆಲಸಗಳನ್ನು ಮನೆಯಿಂದಲೇ ಮಾಡಿಸಿಕೊಡುತ್ತದೆ. ಹಳೆಯ ಬಗೆಯ ಕಚೇರಿಗಳಲ್ಲಿ ಇನ್ನೂ ಜೀವಂತ ಸರತಿ ನಡೆಯುತ್ತದೆ: ಜನ ಸಾಲಾಗಿ ನಿಂತಿರುವುದಿಲ್ಲ, ಬೆಂಚುಗಳ ಮೇಲೆ, ಗೋಡೆಗೆ ಒರಗಿ, ಅಲ್ಲಲ್ಲಿ ಇರುತ್ತಾರೆ. ಒಳಗೆ ಹೋದ ಕೂಡಲೆ ‘ಕ್ತೊ ಪಸ್ಲೇದ್ನಿ?’, ಅಂದರೆ ಕೊನೆಯವರು ಯಾರು, ಎಂದು ಗಟ್ಟಿಯಾಗಿ ಕೇಳಬೇಕು. ಯಾರೋ ಕೈಯೆತ್ತುತ್ತಾರೆ, ಅವರ ಮುಖ ನೆನಪಿಟ್ಟುಕೊಳ್ಳಿ, ನೀವು ಅವರ ಹಿಂದೆ. ನಿಮ್ಮ ನಂತರ ಬಂದವರು ಕೇಳಿದಾಗ ನೀವು ಕೈಯೆತ್ತಬೇಕು. ಕೇಳದೆ ಸುಮ್ಮನೆ ನಿಂತವರಿಗೆ ಆ ಸರತಿಯಲ್ಲಿ ಜಾಗವೇ ಇಲ್ಲ.

ಬಾಗಿಲ ಮೇಲೆ ಅಂಟಿಸಿದ ವೇಳಾಪಟ್ಟಿಯನ್ನು ಮೊದಲು ಓದಿಕೊಳ್ಳಿ. ಸಾರ್ವಜನಿಕರನ್ನು ಕಾಣುವ ದಿನಗಳು ಬೇರೆ, ಕಚೇರಿ ತೆರೆದಿರುವ ದಿನಗಳು ಬೇರೆ. ಊಟದ ವಿರಾಮ ನಿಮಿಷಕ್ಕೆ ಸರಿಯಾಗಿ ಆರಂಭವಾಗುತ್ತದೆ. ಸಂಬೋಧಿಸುವಾಗ ಸ್ವಂತ ಹೆಸರು ಮತ್ತು ತಂದೆಯ ಹೆಸರಿನ ರೂಪ ಎರಡನ್ನೂ ಕೂಡಿಸಿ ಕರೆಯುವುದು ಮರ್ಯಾದೆ. ಕೋಣೆಯ ಹೊರಗಿನ ಫಲಕದಲ್ಲಿ ಅದು ಸಾಮಾನ್ಯವಾಗಿ ಬರೆದಿರುತ್ತದೆ. ಬಹುವಚನದ ‘ವಿ’ ಬಳಸಬೇಕು, ನಮ್ಮ ‘ತಾವು’ ಇರುವ ಕಡೆಯೆಲ್ಲ ಅಲ್ಲಿ ಅದೇ ಸಲ್ಲುತ್ತದೆ. ನೌಕರ ನಗುವುದಿಲ್ಲವೆಂದು ಬೇಸರಪಡಬಾರದು, ಮುಖಗಂಟು ನಿಮ್ಮ ಮೇಲಿನ ಕೋಪದ ಗುರುತಲ್ಲ.

‘ಆಗುವುದಿಲ್ಲ’ ಎಂಬ ಉತ್ತರ ಬಂದರೆ ವಾದ ಮಾಡುವ ಬದಲು ಎರಡು ಪ್ರಶ್ನೆ ಕೇಳಿ: ಯಾವ ಕಾಗದ ಕಡಿಮೆ ಬಿದ್ದಿದೆ, ಮತ್ತು ಇದಕ್ಕೆ ಸಹಿ ಹಾಕುವವರು ಯಾರು, ಅವರು ಜನರನ್ನು ಕಾಣುವ ದಿನ ಯಾವುದು. ಕಿಟಕಿಯಲ್ಲಿರುವವನಿಗೆ ತೀರ್ಮಾನಿಸುವ ಅಧಿಕಾರ ಇರುವುದಿಲ್ಲ. ದರ್ಜೆಗಳ ಪಟ್ಟಿಯ ಕಾಲದಿಂದಲೂ ಸಹಿಯ ಹಕ್ಕು ಮೇಲಿನ ಮೆಟ್ಟಿಲಲ್ಲಿದೆ, ಕಾಗದದ ಹೊಣೆ ಕೆಳಗಿನ ಮೆಟ್ಟಿಲಲ್ಲಿದೆ. ಮೊದಲ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಅಲ್ಲಿಯೇ ಬರೆದುಕೊಂಡು, ಸಾಧ್ಯವಾದರೆ ಅವರ ಕೈಯಿಂದಲೇ ಬರೆಸಿಕೊಂಡು ಬಂದರೆ, ಮರುದಿನ ಬೇರೆ ನೌಕರ ಬೇರೆಯದನ್ನು ಕೇಳುವ ಪ್ರಸಂಗ ಕಡಿಮೆಯಾಗುತ್ತದೆ.

ಹಣದ ವಿಷಯ

ಮಾಸ್ಕೊ ರಾಜ್ಯದಲ್ಲಿ ಪ್ರಾಂತಾಧಿಕಾರಿಯನ್ನು ಅಲ್ಲಿಯ ಜನವೇ ಸಾಕಬೇಕೆಂಬ ಪದ್ಧತಿ ಇದ್ದು, ನಾಲ್ಕನೆಯ ಇವಾನ್ ದೊರೆ ಅದನ್ನು 1550ರ ದಶಕದ ನಡುಭಾಗದಲ್ಲಿ ತೆಗೆದುಹಾಕಿದ. ಪೀಟರ್ ಸತ್ತ ಮೇಲೆ ಖಜಾನೆ ಬರಿದಾಗಿ, ಸಣ್ಣ ಗುಮಾಸ್ತರು ಅರ್ಜಿದಾರರ ಕಾಣಿಕೆಯ ಮೇಲೆ ಬದುಕಬೇಕೆಂದು ಸರಕಾರವೇ ಬಿಟ್ಟಿತು; ಎಲ್ಲ ಅಧಿಕಾರಿಗಳಿಗೂ ಸಂಬಳ ಗೊತ್ತುಮಾಡಿದ್ದು ಎರಡನೆಯ ಕ್ಯಾಥರೀನ್, 1763ರಲ್ಲಿ. ಈ ಹಳೆಯ ರೂಢಿಯ ಕಥೆಗಳನ್ನು ಕೇಳಿ, ಅಲ್ಲೂ ಟೇಬಲ್ಲಿನ ಕೆಳಗೆ ಕೊಟ್ಟರೆ ನಡೆಯುತ್ತದೆಂದು ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಹೇಳಿಕೊಡುವುದುಂಟು. ದಯವಿಟ್ಟು ಆ ಮಾತಿಗೆ ಕಿವಿಗೊಡಬೇಡಿ. ಕೊಡುವವರೂ ಅಪರಾಧಿಗಳೇ, 10,000 ರೂಬಲ್ ಮೀರದ ಸಣ್ಣ ಲಂಚಕ್ಕೆಂದೇ 2016ರಲ್ಲಿ ದಂಡಸಂಹಿತೆಗೆ ಪ್ರತ್ಯೇಕ ಕಲಮನ್ನು ಸೇರಿಸಿದ್ದಾರೆ. ವಿದೇಶಿ ವಿದ್ಯಾರ್ಥಿಗೆ ಆ ಒಂದು ಪ್ರಕರಣ ಸಾಕು, ಓದು ಅರ್ಧಕ್ಕೆ ನಿಲ್ಲಲು. ಸರಕಾರಿ ಶುಲ್ಕವನ್ನು ಬ್ಯಾಂಕಿನಲ್ಲಿ ಅಥವಾ ಜಾಲತಾಣದಲ್ಲಿ ನಿಮ್ಮದೇ ಹೆಸರಿನಲ್ಲಿ, ವೀಸಾದ ಮೇಲಿರುವ ಕಾಗುಣಿತದಲ್ಲೇ ಕಟ್ಟಿ ರಸೀದಿ ಇಟ್ಟುಕೊಂಡರೆ ಸಾಕು.

ಕೆಲಸ ನಿಂತುಹೋದಾಗ

ದೂರು ಕೊಡುವುದು ರಷ್ಯಾದಲ್ಲಿ ಜಗಳಗಂಟತನವೆನಿಸುವುದಿಲ್ಲ, ಅದು ಆಡಳಿತದ ಒಂದು ಅಂಗ. ದೊರೆಗೆ ಮನವಿ ಸಲ್ಲಿಸುವ ಸಂಪ್ರದಾಯ ಎಷ್ಟು ಬಲವಾಗಿತ್ತೆಂದರೆ, ಸಂಬಂಧಪಟ್ಟ ಪ್ರಿಕಾಜ್‌ಗೆ ಮೊದಲು ಹೋಗದೆ ನೇರವಾಗಿ ದೊರೆಯ ಬಳಿಗೆ ಬರಬಾರದೆಂದು 1649ರ ಸಂಹಿತೆಯೇ ತಡೆಯಬೇಕಾಯಿತು. ಆ ಕ್ರಮವನ್ನು ಇಂದಿಗೂ ಪಾಲಿಸುವುದು ಒಳ್ಳೆಯದು: ಮೊದಲು ಅದೇ ಕಚೇರಿಯ ಮುಖ್ಯಸ್ಥರಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ಮೇಲಿನ ಕಚೇರಿಗೆ, ಆಮೇಲೆ ಪ್ರಾಸಿಕ್ಯೂಟರ್‌ಗೆ. 2006ರ ಮೇ 2ರ ಕಾನೂನಿನಂತೆ ಲಿಖಿತ ಮನವಿಯನ್ನು 3 ದಿನಗಳೊಳಗೆ ದಾಖಲಿಸಿ, ಸಾಮಾನ್ಯವಾಗಿ ದಾಖಲಾದ 30 ದಿನಗಳೊಳಗೆ ಉತ್ತರಿಸಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ವಿದೇಶೀಯರ ಮನವಿಗೂ ಇದು ಅನ್ವಯಿಸುತ್ತದೆ. ನಮ್ಮ ಸಕಾಲ ಕಾನೂನು ಪ್ರತಿ ಸೇವೆಗೂ ಪ್ರತ್ಯೇಕ ಗಡುವು ಇಟ್ಟಿದೆ. ಅಲ್ಲಿಯ ಈ ಕಾನೂನು ಮನವಿಯೆಂಬುದಕ್ಕೇ ಗಡುವು ಹಾಕಿದೆ. ದೂರಿನಲ್ಲಿ ನೌಕರನ ನಡತೆಯನ್ನು ಬಣ್ಣಿಸಬೇಡಿ. ಇಂಥ ದಿನ ಇಂಥ ಆವಕ ಸಂಖ್ಯೆಯ ಅರ್ಜಿ ಕೊಟ್ಟೆ, ಇಂಥ ದಿನದವರೆಗೆ ಉತ್ತರ ಬಂದಿಲ್ಲ, ಉತ್ತರ ಕೊಡಿಸಬೇಕೆಂದು ಕೋರುತ್ತೇನೆ, ಇಷ್ಟೇ ಸಾಕು. ಮೇಲಿನಿಂದ ಆ ಸಂಖ್ಯೆಯನ್ನು ಉಲ್ಲೇಖಿಸಿ ವಿವರಣೆ ಕೇಳಿದ ಕೂಡಲೆ ಕೆಳಗಿನ ಕಡತ ಚಲಿಸುತ್ತದೆ.

ಹಿಂದಿರುಗುವ ಮುನ್ನ

ಓದು ಮುಗಿದಾಗ ಕೊನೆಯದಾಗಿ ಎದುರಾಗುವುದು ಅಬ್‌ಖದ್ನೊಯ್ ಲಿಸ್ತ್ ಎಂಬ ಸುತ್ತಾಟದ ಹಾಳೆ. ಗ್ರಂಥಾಲಯ, ಹಾಸ್ಟೆಲ್, ಲೆಕ್ಕಪತ್ರ ವಿಭಾಗ, ಡೀನ್ ಕಚೇರಿ, ಹೀಗೆ ಒಂದೊಂದರಿಂದಲೂ ಬಾಕಿಯಿಲ್ಲವೆಂಬ ಸಹಿ ಪಡೆಯದೆ ಪ್ರಮಾಣಪತ್ರ ಕೈಗೆ ಬರುವುದಿಲ್ಲ. ಜೂನ್ ಕೊನೆಯಲ್ಲಿ ಸಹಿ ಹಾಕುವವರು ಒಬ್ಬೊಬ್ಬರಾಗಿ ರಜೆಗೆ ಹೋಗುವುದರಿಂದ, ಟಿಕೆಟ್ ಮಾಡಿಸುವ ಮೊದಲೇ ಈ ಹಾಳೆಯನ್ನು ಹಿಡಿದು ತಿರುಗಲು ಶುರು ಮಾಡಬೇಕು. ಪ್ರಮಾಣಪತ್ರ ಮತ್ತು ಅಂಕಗಳ ಪುರವಣಿಗೆ ಬೇಕಾದ ರಷ್ಯಾದ ಅಪೊಸ್ಟಿಲ್ ರಷ್ಯಾದಲ್ಲಿ ಮಾತ್ರ ಸಿಗುವಂಥದ್ದು, ಬೆಂಗಳೂರಿಗೆ ಬಂದ ಮೇಲೆ ಇಲ್ಲಿಯ ಯಾವ ಕಚೇರಿಯೂ ಅದನ್ನು ಹಾಕಿಕೊಡಲಾರದು. ಪ್ರವೇಶ ಪಡೆದ ಆದೇಶದ ಸಂಖ್ಯೆ ಮತ್ತು ದಿನಾಂಕ, ವ್ಯಾಸಂಗ ಮುಗಿದ ಆದೇಶದ ಸಂಖ್ಯೆ ಮತ್ತು ದಿನಾಂಕ, ಇವೆರಡನ್ನೂ ನಮೂದಿಸಿದ ದೃಢೀಕರಣ ಪತ್ರವೊಂದನ್ನು ಡೀನ್ ಕಚೇರಿಯಿಂದ ಮೊಹರಿನೊಂದಿಗೆ ಪಡೆದುಕೊಳ್ಳಿ. ಮುಂದೆ ಎಂದಾದರೂ ಇಲ್ಲಿಂದ ಆ ವಿಶ್ವವಿದ್ಯಾಲಯದ ಪತ್ರಾಗಾರಕ್ಕೆ ಬರೆಯಬೇಕಾಗಿ ಬಂದರೆ, ಅಲ್ಲಿಯ ನೌಕರ ನಿಮ್ಮ ಕಡತವನ್ನು ಬೇಗ ಹುಡುಕಿ ತೆಗೆಯಲು ಆ ಎರಡು ಸಂಖ್ಯೆಗಳು ಬೇಕಾಗುತ್ತವೆ.